ಮೂವರ ಸಾಕ್ಷ್ಯ



ನಮ್ಮ ಕಾಸರಗೋಡು ಸೀಮೆಯ ಎಷ್ಟೋ ಮನೆಗಳ ತಂದೆ, ಅಣ್ಣಂದಿರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವರು. ಅಲ್ಲಿಯ ತೈಲ ಕಾರ್ಖಾನೆಗಳಲ್ಲಿ ಅನಿಲದ ಒತ್ತಡವು ಮಿತಿಮೀರಿದರೆ, ಮನುಷ್ಯನು ಓಡಿಬಂದು ತಡೆಯುವಷ್ಟು ಸಮಯವಿರದು. ಆದುದರಿಂದ ದಿನನಿತ್ಯದ ಕೆಲಸ ನಡೆಸುವ ಗಣಕಯಂತ್ರವಲ್ಲದೆ, ಅಪಾಯ ಕಂಡೊಡನೆ ಎಲ್ಲವನ್ನೂ ನಿಲ್ಲಿಸಲೆಂದೇ ಬೇರೊಂದು ಕಾವಲು ಯಂತ್ರವನ್ನು ಇರಿಸಿರುತ್ತಾರೆ.

ಆ ಕಾವಲುಗಾರನೇ ಕೆಟ್ಟರೆ ಗತಿಯೇನು?

ಇಂತಹ ಹಲವು ಯಂತ್ರಗಳಲ್ಲಿ ಮೂರು ಪ್ರೊಸೆಸರುಗಳು, ಎಂದರೆ ಲೆಕ್ಕ ಮಾಡುವ ಮೂರು ಮಿದುಳುಗಳು, ಇರುತ್ತವೆ. ಮೂರೂ ಅದೇ ಲೆಕ್ಕವನ್ನು ಬೇರೆಬೇರೆಯಾಗಿ ಮಾಡುತ್ತವೆ. ಎರಡು ಒಪ್ಪಿದ ಉತ್ತರವೇ ಆಜ್ಞೆಯಾಗುತ್ತದೆ. ಎರಡೇ ಏಕೆ ಸಾಲದೆಂದರೆ, ಎರಡು ಗಡಿಯಾರಗಳು ಬೇರೆಬೇರೆ ಹೊತ್ತನ್ನು ತೋರಿದಾಗ ಯಾವುದು ತಪ್ಪೆಂದು ತಿಳಿಯುವ ಬಗೆಯಿಲ್ಲ, ಮೂರನೆಯದಿದ್ದರೆ ತಿಳಿಯುತ್ತದೆ. ಕೆಟ್ಟ ಪ್ರೊಸೆಸರನ್ನು ಕಾರ್ಖಾನೆ ನಡೆಯುತ್ತಿರುವಂತೆಯೇ ಕಳಚಿ ಹೊಸದನ್ನು ಕೂಡಿಸಲೂ ಬರುತ್ತದೆ. ನಂಬಲಾಗದ ಭಾಗಗಳಿಂದ ನಂಬಬಹುದಾದ ಯಂತ್ರವನ್ನು ಕಟ್ಟುವ ಈ ಬಹುಮತದ ಮಾರ್ಗವನ್ನು ಗಣಿತಜ್ಞ ಜಾನ್ ಫಾನ್ ನಾಯ್ಮನ್ನರು 1956ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ವಿವೇಚಿಸಿದ್ದರು.

ಹತ್ತನೆಯ ತರಗತಿಯವರು ಲೆಕ್ಕ ಮಾಡಿ ನೋಡಲಿ. ಒಂದು ಪ್ರೊಸೆಸರು ತಪ್ಪುವ ಸಂಭವವು 100ರಲ್ಲಿ 1 ಎಂದು ಭಾವಿಸಿದರೆ, ಮೂರರಲ್ಲಿ ಎರಡಾದರೂ ತಪ್ಪುವ ಸಂಭವವು 10,000ದಲ್ಲಿ ಸುಮಾರು 3 ಮಾತ್ರ. ಆದರೆ ಈ ಲೆಕ್ಕದೊಳಗೆ ಒಂದು ನಿಬಂಧನೆ ಅಡಗಿದೆ: ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿರಕೂಡದು. ಒಬ್ಬನ ಉತ್ತರವನ್ನು ಇಬ್ಬರು ನೋಡಿ ಬರೆದರೆ ಮೂವರ ಉತ್ತರವೂ ಒಂದೇ ಆಗುವುದು. ಅಷ್ಟರಿಂದ ಅದು ಸರಿಯುತ್ತರವಾಗದು. (ಪರೀಕ್ಷೆಯ ಕಾಗದಗಳನ್ನು ತಿದ್ದುವ ನಾವು ಇದನ್ನು ವರ್ಷವರ್ಷವೂ ಕಾಣುತ್ತೇವೆ.) ಯೂರೋಪಿನ ಆರಿಯಾನ್ 5 ರಾಕೆಟ್ಟಿನಲ್ಲಿ ಗತಿ ಅಳೆಯುವ ಗಣಕಗಳು ಎರಡಿದ್ದವು. ಎರಡಕ್ಕೂ ಒಂದೇ ಪ್ರೋಗ್ರಾಂ ಇದ್ದುದರಿಂದ, 1996ರ ಜೂನ್ 4ರಂದು ಒಂದೇ ದೋಷಕ್ಕೆ ಎರಡೂ ಕೈಕೊಟ್ಟವು. ಮೊದಲ ಹಾರಾಟದಲ್ಲೇ, ಸುಮಾರು 40 ಸೆಕೆಂಡುಗಳಲ್ಲಿ, ರಾಕೆಟ್ಟು ನಾಶವಾಯಿತು.

ಪ್ರೊಸೆಸರುಗಳು ಪರಸ್ಪರ ತಾಳೆ ನೋಡುವುದರಿಂದ ಒದಗಿದ ಉಪಕಾರಕ್ಕೂ ಒಂದು ನಿದರ್ಶನವುಂಟು. 2017ರಲ್ಲಿ ಸೌದಿ ಅರೇಬಿಯದ ಒಂದು ಪೆಟ್ರೋ ರಾಸಾಯನಿಕ ಕಾರ್ಖಾನೆಯ ಕಾವಲು ಯಂತ್ರದೊಳಕ್ಕೆ ದುಷ್ಕರ್ಮಿಗಳು ದೂರದಿಂದಲೇ ತಮ್ಮ ಪ್ರೋಗ್ರಾಮನ್ನು ನುಸುಳಿಸಿದರು. ಕಾವಲನ್ನು ಕೈವಶ ಮಾಡಿಕೊಂಡವನಿಗೆ ಕಾರ್ಖಾನೆಯ ಪ್ರಾಣವೇ ವಶವಾದಂತೆ. ಆದರೆ ಪ್ರೊಸೆಸರುಗಳು ಪರಸ್ಪರ ಪರೀಕ್ಷಿಸಿದಾಗ ತಾಳೆಯಾಗಲಿಲ್ಲ. ಯಂತ್ರವು ಕೂಡಲೇ ಕಾರ್ಖಾನೆಯ ಕೆಲಸವನ್ನು ಸುರಕ್ಷಿತವಾಗಿ ನಿಲ್ಲಿಸಿತು. ಕಾರಣವನ್ನು ಹುಡುಕಹೊರಟಾಗ ಒಳಸಂಚು ಬಯಲಾಯಿತು. ಆ ಯಂತ್ರಕ್ಕೆ ಒಂದು ಬೀಗದ ಕೈಯಿದೆ; ಅದನ್ನು ತಿರುಗಿಸಿಟ್ಟರೆ ಹೊರಗಿನಿಂದ ಯಾರೂ ಪ್ರೋಗ್ರಾಮನ್ನು ಬದಲಿಸಲಾರರು. ಅಂದು ಅದನ್ನು ಬದಲಿಸಲು ಅನುವಾಗುವ ಸ್ಥಾನದಲ್ಲೇ ಬಿಡಲಾಗಿತ್ತು.