ರೋಡು ಬಂತು, ಏರಿದ ರೇಟು ಯಾರಿಗೆ?

ನಮ್ಮ ಬೆಸಗರಹಳ್ಳಿ ಕಡೆ ಈಗ ಯಾರ ಗದ್ದೆ ಮಾತು ಬಂದ್ರೂ ಹಿಂದೆಯೇ ಇನ್ನೊಂದು ಮಾತು ಬರುತ್ತೆ: "ಎಕ್ಸ್‌ಪ್ರೆಸ್‌ವೇ ಹತ್ರಾನೇ ಐತೆ, ರೇಟು ಏರುತ್ತೆ ಬುಡಿ." ಹತ್ರ ಅಂದ್ರೆ ಎಷ್ಟು? ಏರಿದ ರೇಟು ಯಾರ ಜೇಬಿಗೆ? ಈ ಎರಡು ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಹೇಳೋದೇ ಒಂದು ವೃತ್ತಿ. ನಗರ ಯೋಜನೆ, ರಿಯಲ್ ಎಸ್ಟೇಟ್, ಸಾರಿಗೆಯ ಫೈನಾನ್ಸ್, ಮೂರೂ ಸೇರಿದ ಕೆಲಸ. ಇವತ್ತು ಅದರ ಬಗ್ಗೆ ಮಾತಾಡೋಣ.

ಮೊದಲು ರೋಡು. ಸುಮಾರು 118 ಕಿ.ಮೀ. ಉದ್ದದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ನಮ್ಮ ಗೆಜ್ಜಲಗೆರೆಯಲ್ಲೇ ಉದ್ಘಾಟನೆ ಆಯ್ತು. ಆಮೇಲೆ ಏನಾಯ್ತು? ಮದ್ದೂರಲ್ಲಿ ವಡೆಗೆ ಅಂತ ನಿಲ್ತಿದ್ದ ಕಾರುಗಳು ನಿಲ್ಲದೇ ಹೋದವು, ಹಳೇ ಹೋಟೆಲ್‌ಗಳ ವ್ಯಾಪಾರ ಬಿತ್ತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಹತ್ತೋ ಹಾಗಿಲ್ಲ. ಅಂದ್ರೆ ರೋಡು ಕಣ್ಣಿಗೆ ಕಾಣೋದು ಬೇರೆ, ಅದಕ್ಕೆ ಹತ್ತೋ ದಾರಿ ಇರೋದು ಬೇರೆ. ಮೆಟ್ರೋದಲ್ಲಿ ಬೆಲೆ ತರೋದು ಹಳಿ ಅಲ್ಲ, ಸ್ಟೇಷನ್. ಇಲ್ಲೂ ಅಷ್ಟೇ.

ಎರಡನೇದು ಲೆಕ್ಕ. "ಹತ್ತು ವರ್ಷಕ್ಕೆ ಡಬಲ್" ಅಂತ ಬ್ರೋಕರ್ ಹೇಳಿದ್ರೆ ಬಾಯಿ ಬಿಡಬೇಡಿ. ಅದು ವರ್ಷಕ್ಕೆ 7 ಪರ್ಸೆಂಟ್ ಚಿಲ್ಲರೆ, ಅಷ್ಟೇ. ಬಿ.ಕಾಂ. ಓದಿದವರಿಗೆ ಇದು ಗೊತ್ತಿರೋದೇ.

ಮೂರನೇದು ದೊಡ್ಡ ಪ್ರಶ್ನೆ. ಸರ್ಕಾರದ ದುಡ್ಡಲ್ಲಿ ರೋಡು, ರೈಲು ಬರುತ್ತೆ. ಪಕ್ಕದ ಜಮೀನಿನ ಬೆಲೆ ತಾನಾಗೇ ಏರುತ್ತೆ. ಆ ಲಾಭದಲ್ಲಿ ಒಂದು ಪಾಲು ಯೋಜನೆಗೇ ವಾಪಸ್ ಬರಬೇಕು ಅನ್ನೋದು ಕೇಂದ್ರದ 2017ರ ಮೆಟ್ರೋ ನೀತಿಯಲ್ಲೂ ಇದೆ. ಹಾಂಗ್‌ಕಾಂಗ್‌ನ ಮೆಟ್ರೋ ಕಂಪನಿ ಸ್ಟೇಷನ್ ಮೇಲೆ, ಪಕ್ಕದಲ್ಲಿ ಕಟ್ಟಡ ಕಟ್ಟಿಸಿ ಆ ದುಡ್ಡನ್ನ ರೈಲಿಗೆ ಹಾಕುತ್ತೆ. ನಮ್ಮ ಮೆಟ್ರೋದಲ್ಲೂ ಖಾಸಗಿ ದುಡ್ಡು ಬಂದಿದೆ: ಕೋನಪ್ಪನ ಅಗ್ರಹಾರ ಸ್ಟೇಷನ್‌ಗೆ ಇನ್ಫೋಸಿಸ್ ಫೌಂಡೇಶನ್ 200 ಕೋಟಿ ಕೊಡೋಕೆ ಒಪ್ಪಿತು. ಅದು ದೇಣಿಗೆ. ಏರಿದ ಬೆಲೆಯಲ್ಲಿ ನ್ಯಾಯವಾದ ಪಾಲು ಎಷ್ಟು ಅಂತ ಲೆಕ್ಕ ಕಟ್ಟೋಕೆ ಜನ ಬೇಕು.

ಆ ಜನ ನೀವ್ಯಾಕೆ ಆಗಬಾರದು? ಬೆಂಗಳೂರಿನ ಐಐಎಚ್‌ಎಸ್ ಸಂಸ್ಥೆಯ ಅರ್ಬನ್ ಫೆಲೋಸ್ ಪ್ರೋಗ್ರಾಂಗೆ ಯಾವ ಡಿಗ್ರಿ ಆದವರೂ ಅರ್ಜಿ ಹಾಕಬಹುದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ಲ್ಯಾನಿಂಗ್ ಕೋರ್ಸ್ ಇದೆ. ಮನೇಲಿ ಕೂತು ಎಕ್ಸೆಲ್ ಕಲೀರಿ, ಮಾಸ್ಟರ್ ಪ್ಲ್ಯಾನ್ ನಕ್ಷೆ ಓದೋದು ಕಲೀರಿ, ಪಹಣಿ ಓದೋದು ಕಲೀರಿ. ಕೊನೇದನ್ನ ಹಳ್ಳಿ ಹುಡುಗ್ರಿಗೆ, ಹುಡುಗೀರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, 2020ರ ತಿದ್ದುಪಡಿ ಆದಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಳ್ಳೋಕೆ ಬರೋರ ಕೈಯಲ್ಲಿ ಲೆಕ್ಕ ಇರುತ್ತೆ. ಮಾರೋಕೆ ಕೂತಿರೋ ನಮ್ಮ ಅಪ್ಪಂದಿರ ಪಕ್ಕದಲ್ಲೂ ಲೆಕ್ಕ ಗೊತ್ತಿರೋರು ಒಬ್ಬರು ಕೂತಿರಬೇಕು.

ಮುಂದಿನ ಸಂಚಿಕೆಯಲ್ಲಿ ಸಿಗೋಣ.