ಗಂಡನ ಓಸಿ ದುಡ್ಡು, ಹೆಂಡತಿಯ ಸಹಿ

ಹುಣಸಗಿ ಕಡೆಯ ಒಂದು ಮನೆ ಅಂದ್ಕೊಳ್ಳಿ. ಗಂಡ ಓಸಿ ಚೀಟಿ ಬರೀತಾನೆ. ಹೆಂಡತಿಗೆ ಗೊತ್ತು. ಗೊತ್ತಿಲ್ಲದೆ ಇರುತ್ತಾ? ಓಣಿಗೆಲ್ಲ ಗೊತ್ತಿರೋ ವಿಷಯ ಅದು. ನಾಳೆ ತೆರಿಗೆ ನೋಟಿಸ್ ಬಂದ್ರೆ "ನಿನಗೂ ಗೊತ್ತಿತ್ತಲ್ಲಮ್ಮ, ನೀನೂ ಕಟ್ಟು" ಅನ್ನಬಹುದಾ?

ಅಂದಹಾಗೆ, ಈ ಓಪನ್-ಕ್ಲೋಸ್ ಆಟ ಹುಟ್ಟಿದ್ದೇ ನ್ಯೂಯಾರ್ಕ್ ಹತ್ತಿ ಮಾರುಕಟ್ಟೆಯ ದರದ ಮೇಲೆ. ಹತ್ತಿ ಬೆಳೆಯೋ ಸುರಪುರ, ಶಹಾಪುರ ಸೀಮೆಗೆ ನ್ಯೂಯಾರ್ಕ್ ಬೆಲೆ ಬರಲಿಲ್ಲ, ಜೂಜು ಮಾತ್ರ ಬಂತು!

ಕಳ್ಳ ಗಳಿಕೆಗೆ ತೆರಿಗೆ ಇಲ್ಲ ಅಂತ ಕೆಲವರು ತಿಳಿದಿದ್ದಾರೆ. ಇದೆ ಸ್ವಾಮಿ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಜೂಜಿನ ಗೆಲುವಿಗೆ ಶೇ. 30 ಇತ್ತು. ಮೂಲ ಹೇಳದ ನಗದಿಗೆ ಸರ್ಚಾರ್ಜ್, ಸೆಸ್ ಸೇರಿ ಶೇ. 78 ಇತ್ತು. ಆದ್ರೆ ಅದು ಗಳಿಸಿದವನ ತಲೆ ಮೇಲೆ. ಅಮೆರಿಕದಲ್ಲಿ ಗಂಡ-ಹೆಂಡತಿ ಜಂಟಿ ರಿಟರ್ನ್ ಹಾಕ್ತಾರೆ, ಹಾಗಾಗಿ ಗೊತ್ತಿತ್ತಾ ಇಲ್ವಾ ಅನ್ನೋದೇ ಅಲ್ಲಿ ದೊಡ್ಡ ಜಗಳ. ನಮ್ಮಲ್ಲಿ ಇಬ್ಬರದೂ ಬೇರೆ ಬೇರೆ ಲೆಕ್ಕ. ಬರೀ ಗೊತ್ತಿದ್ದದ್ದಕ್ಕೆ ಆಕೆಗೆ ತೆರಿಗೆ ಬೀಳಲ್ಲ.

ಹಾಗಂತ ನಿರಾಳ ಆಗ್ಬೇಡಿ. ಆ ದುಡ್ಡಲ್ಲಿ ನಾರಾಯಣಪುರ ಎಡದಂಡೆ ಕಾಲುವೆ ಕೆಳಗೆ ಎರಡೆಕರೆ ಆಕೆ ಹೆಸರಿಗೆ ಮಾಡಿಸಿದ್ರೆ? ಗಂಡನ ಬಾಕಿಗೆ ಆ ಹೊಲವನ್ನೂ ಜಪ್ತಿ ಮಾಡಬಹುದು. ಅಂಗಡಿ ಕೊಂಡಿದ್ರೆ ಅದರ ಬಾಡಿಗೆ ಗಂಡನ ಆದಾಯಕ್ಕೇ ಸೇರುತ್ತೆ, ಅಷ್ಟರ ಮಟ್ಟಿನ ತೆರಿಗೆಯನ್ನ ಆಕೆಯಿಂದ ಕೇಳಬಹುದು. ಆಕೆಯ ಬೀರುವಿನಲ್ಲಿ ನೋಟಿನ ಕಟ್ಟು ಸಿಕ್ಕರೆ, ಯಾರ ಹತ್ತಿರ ಸಿಕ್ತೋ ಅವರದೇ ಅಂತ ಕಾನೂನು ಮೊದಲು ಊಹಿಸುತ್ತೆ. "ಭತ್ತ ಮಾರಿದ ದುಡ್ಡು ಸರ್" ಅಂತ ಗಂಡ ಹೇಳಿಕೊಟ್ಟಿದ್ದನ್ನ ರಿಟರ್ನ್‌ನಲ್ಲಿ ಬರೆದು ಸಹಿ ಹಾಕಿದ್ರೋ, ಅಲ್ಲಿಗೆ ಅದು ಗಂಡನ ತಪ್ಪಾಗಿ ಉಳಿಯಲ್ಲ. ಸುಳ್ಳು ಹೇಳಿಕೆ ಆಕೆಯದ್ದು. ಸಾಬೀತಾದ್ರೆ 1961ರ ಕಾಯ್ದೆಯಲ್ಲಿ ಕನಿಷ್ಠ ಮೂರು ತಿಂಗಳು ಜೈಲು ಇತ್ತು.

ಇನ್ನು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಅಲ್ಲಿ "ಗೊತ್ತಿತ್ತು" ಅನ್ನೋದಕ್ಕೇ ತೂಕ. ಮನೆ ಆಕೆ ಹೆಸರಲ್ಲಿದ್ದು, ಗೊತ್ತಿದ್ದೂ ಜೂಜಿಗೆ ಬಿಟ್ಟುಕೊಟ್ಟರೆ ಆಕೆಯೂ ಆರೋಪಿ. ಆದ್ರೆ ದಿನಾ ಹೊಡೆತ ತಿನ್ನೋ ಹೆಣ್ಣುಮಗಳು ಯಾವ ಬಾಯಲ್ಲಿ "ಇಲ್ಲಿ ಆಡ್ಬೇಡ" ಅಂತಾಳೆ? ಬಿಟ್ಟುಕೊಟ್ಟಳು ಅನ್ನೋ ಮಾತನ್ನ ಕೋರ್ಟಿನಲ್ಲಿ ಹೇಳೋದು ಸುಲಭ, ಆ ಅಡುಗೆಮನೆಯಲ್ಲಿ ನಿಂತು ಹೇಳೋದು ಕಷ್ಟ.

ಕಾಗದ ತಂದು ಮುಂದಿಟ್ಟರೆ ಓದದೆ ಹೆಬ್ಬೆಟ್ಟು ಒತ್ತಬೇಡಿ ತಾಯಂದಿರೇ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ. ನಂಬರ್ ಬರ್ಕೊಳ್ಳಿ, ಇದು ಓಸಿ ನಂಬರ್ ಅಲ್ಲ: 15100.