ಐದು ಕ್ಯಾನ್ ನೀಲಿ ಪೆಟ್ರೋಲು

"ಮಾಮ, ಪುಟ್ಟ ವಿಮಾನ ಪೆಟ್ರೋಲ್ ಹಾಕಿಸ್ಕೊಳ್ಳೋಕೆ ಬಂಕಿಗೆ ಬರುತ್ತಾ?"

ಕೇಳಿದವಳು ನನ್ನ ಅಕ್ಕನ ಮಗಳು, ಐದನೇ ಕ್ಲಾಸು. ಕೇಳಿದ್ದು ರಸೆಲ್ ಮಾರುಕಟ್ಟೆಯ ಮೀನಿನ ಸಾಲಿನಲ್ಲಿ, ನಾನು ಬಂಗುಡೆಗೆ ಚೌಕಾಸಿ ಮಾಡುತ್ತಿದ್ದಾಗ. ಹಿಂದಿನ ದಿನ ಬಳ್ಳಾರಿ ರಸ್ತೆಯಲ್ಲಿ ಬರುವಾಗ ಜಕ್ಕೂರಿನಲ್ಲಿ ಒಂದು ಸಣ್ಣ ವಿಮಾನ ಇಳಿಯುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಳು. ಆಗಿನಿಂದ ಅದೇ ಗುಂಗು.

ಬಂಕಿಗೆ ಬರುವುದಿಲ್ಲ, ಬಂಕೇ ಅದರ ಹತ್ತಿರ ಹೋಗುತ್ತದೆ ಅಂದೆ. ಅವಳಿಗೆ ಅಷ್ಟು ಸಾಲಲಿಲ್ಲ.

ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1948ರಷ್ಟು ಹಳೆಯದು. ಅಂಥ ಕಡೆ ವಿಮಾನ ಕಲಿಯಲು ಬಳಸುವ ಸೆಸ್ನಾ 152 ಎಂಬ ಎರಡು ಸೀಟಿನ ವಿಮಾನವನ್ನೇ ತೆಗೆದುಕೊಳ್ಳಿ. ಅದರ ಟ್ಯಾಂಕು ತುಂಬಲು ಸುಮಾರು 98 ಲೀಟರ್ ಸಾಕು. ಅಂದರೆ ಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನ್ ಐದು! ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬರುವ ದೊಡ್ಡ ವಿಮಾನಗಳು ಸಾವಿರ ಸಾವಿರ ಲೀಟರ್ ಕುಡಿಯುತ್ತವೆ. ಅಷ್ಟನ್ನು ಲಾರಿಯಲ್ಲಿ ಹೊತ್ತು ಪೂರೈಸುವುದು ಕಷ್ಟ ಅಂತಲೇ ವೈಟ್‌ಫೀಲ್ಡ್ ಆಚೆಯ ದೇವನಗೊಂತಿಯ ಎಣ್ಣೆ ಡಿಪೋದಿಂದ ಅಲ್ಲಿಗೆ ಸುಮಾರು 36 ಕಿಲೋಮೀಟರ್ ಉದ್ದದ ಕೊಳವೆ ಹಾಕಿದ್ದಾರೆ. ಐದು ಕ್ಯಾನ್ ಕುಡಿಯುವವನಿಗೆ ಯಾರು ಕೊಳವೆ ಹಾಕುತ್ತಾರೆ? ಸಣ್ಣ ನಿಲ್ದಾಣಗಳಿಗೆ ಪೀಪಾಯಿಯೇ ಗತಿ, ಇಲ್ಲವೇ ಟ್ಯಾಂಕರ್.

ಈ ಟ್ಯಾಂಕರಿಗೆ ವಿಮಾನದವರು ಬೌಸರ್ ಅನ್ನುತ್ತಾರೆ. ಕೆಲವಕ್ಕೆ ಎಂಜಿನ್ನೇ ಇರುವುದಿಲ್ಲ, ಬರೀ ಚಕ್ರದ ಮೇಲೆ ಕೂತ ಟ್ಯಾಂಕು. ಬೇಸಿಗೆಯಲ್ಲಿ ಕೆ.ಆರ್. ಪುರದ ಬೀದಿಗಳಿಗೆ ಟ್ರ್ಯಾಕ್ಟರ್ ಹಿಂದೆ ನೀರು ಬರುತ್ತದಲ್ಲ, ಹಾಗೆ. ಅದನ್ನೇ ಟ್ರೈಲರ್ ಅನ್ನುವುದು.

ಇಷ್ಟು ಹೇಳುವಷ್ಟರಲ್ಲಿ ಐಸ್ ಕರಗಿದ ನೀರಿನ ಬಕೆಟ್ ಹಿಡಿದು ಒಬ್ಬ ಹುಡುಗ ಓಡಿಬಂದ. ಎದುರಿಗೆ ತಳ್ಳುಗಾಡಿ ಬಂತು, ಗಕ್ಕನೆ ನಿಂತ. ಹುಡುಗ ನಿಂತ, ನೀರು ನಿಲ್ಲಲಿಲ್ಲ. ಅರ್ಧ ಬಕೆಟ್ ನನ್ನ ಚಪ್ಪಲಿಯ ಮೇಲೆ! ಮೀನಿನ ವಾಸನೆ ಎರಡು ದಿನ ಹೋಗಲಿಲ್ಲ, ಆದರೆ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪ್ರಯೋಗ ಸಿಗುತ್ತಿರಲಿಲ್ಲ.

ಓಡುವ ವಸ್ತು ಓಡುತ್ತಲೇ ಇರಲು ನೋಡುತ್ತದೆ. ಬಕೆಟ್ ನಿಂತರೂ ಒಳಗಿನ ನೀರು ಮುಂದಕ್ಕೆ ನುಗ್ಗುತ್ತದೆ. ಈಗ 12,000 ಲೀಟರಿನ ಟ್ಯಾಂಕರನ್ನು ನೆನೆಸಿಕೊಳ್ಳಿ. ಅರ್ಧ ತುಂಬಿದ್ದರೆ ಒಳಗೆ ನಾಲ್ಕು ಟನ್ನಿಗೂ ಹೆಚ್ಚು ಎಣ್ಣೆ. ಹಲಸೂರಿನ ಸಿಗ್ನಲ್‌ನಲ್ಲಿ ಬ್ರೇಕ್ ಹಾಕಿದರೆ ಅಷ್ಟೂ ಅಲೆಯಾಗಿ ಮುಂದಕ್ಕೆ ಬಂದು ಗುದ್ದುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ. ಪೂರ್ತಿ ತುಂಬಿದ ಟ್ಯಾಂಕರಿಗಿಂತ ಅರೆಬರೆ ತುಂಬಿದ್ದರದೇ ತುಂಟಾಟ ಜಾಸ್ತಿ. ಎಣ್ಣೆಗೆ ಓಡಾಡಲು ಜಾಗ ಸಿಗುತ್ತದಲ್ಲ!

ಹಳ್ಳಿಯಲ್ಲಿ ನಮ್ಮ ಅಜ್ಜಿ ಕೆರೆಯಿಂದ ನೀರು ತರುವಾಗ ಕೊಡದ ಬಾಯಿಗೆ ಎಲೆಗಳಿರುವ ಒಂದು ಸಣ್ಣ ರೆಂಬೆ ಹಾಕುತ್ತಿದ್ದರು. ನೀರು ತುಳುಕುತ್ತಿರಲಿಲ್ಲ. ಅಲೆ ಏಳುವ ಮೊದಲೇ ಎಲೆಗಳು ಅದನ್ನು ಒಡೆದುಹಾಕುತ್ತಿದ್ದವು. ಟ್ಯಾಂಕರಿನ ಹೊಟ್ಟೆಯಲ್ಲೂ ಅದೇ ಉಪಾಯ. ಒಳಗೆ ಅಡ್ಡಡ್ಡ ತಗಡಿನ ಗೋಡೆಗಳು, ಅವುಗಳಲ್ಲಿ ತೂತುಗಳು. ಎಣ್ಣೆ ನುಸುಳಿ ಹೋಗಬಹುದು, ನುಗ್ಗಿ ಹೋಗುವಂತಿಲ್ಲ.

ಕಂಠಪೂರ್ತಿ ತುಂಬಿದರೆ ಅಲೆಯ ಕಾಟವೇ ಇಲ್ಲವಲ್ಲ, ಹಾಗೆ ಯಾಕೆ ತುಂಬಬಾರದು? ಬಿಸಿಲು ಬಿಡುವುದಿಲ್ಲ. ಬೆಳಗಿನ ಚಳಿಯಲ್ಲಿ 12,000 ಲೀಟರ್ ತುಂಬಿ ಹೊರಟರೆ, ಮಧ್ಯಾಹ್ನ ಎಣ್ಣೆ 10 ಡಿಗ್ರಿ ಬಿಸಿಯಾಗುವಷ್ಟರಲ್ಲಿ ಅದು ನೂರಕ್ಕೂ ಹೆಚ್ಚು ಲೀಟರ್ ಹಿಗ್ಗಿರುತ್ತದೆ. ಒಂದು ಸೆಸ್ನಾ ತುಂಬುವಷ್ಟು! ಅದಕ್ಕೇ ಮೇಲೆ ಸ್ವಲ್ಪ ಜಾಗ ಖಾಲಿ ಬಿಡುತ್ತಾರೆ.

ಮೀನು ಕೊಂಡು ಹೊರಗೆ ಬಂದೆವು. 1927ರಲ್ಲಿ ಕಟ್ಟಿಸಿದ ಮಾರುಕಟ್ಟೆ ಇದು. ದಂಡಿನ ಪುರಸಭೆಯ ಕಮಿಷನರ್ ಆಗಿದ್ದ ಟಿ.ಬಿ. ರಸೆಲ್ ಹೆಸರು ಇನ್ನೂ ಉಳಿದುಕೊಂಡಿದೆ. ನಾನು ಚಿಕ್ಕವನಿದ್ದಾಗ ಈ ಕಡೆಯ ಬೀದಿಗಳಲ್ಲಿ ಸೀಮೆಎಣ್ಣೆ ಗಾಡಿ ಬರುತ್ತಿತ್ತು. ರೇಷನ್ ಸೀಮೆಎಣ್ಣೆಯ ಬಣ್ಣ ನೀಲಿ. ಬಡವರಿಗೆಂದು ಕಡಿಮೆ ಬೆಲೆಗೆ ಕೊಟ್ಟದ್ದನ್ನು ಯಾರೂ ಕದ್ದು ಮಾರಬಾರದು ಅಂತ ಸರ್ಕಾರವೇ ಬಣ್ಣ ಹಾಕಿಸುತ್ತಿತ್ತು.

ಈಗ ಒಂದು ತಮಾಷೆ ಕೇಳಿ. ಜೆಟ್ ವಿಮಾನ ಕುಡಿಯುವುದು ಸೀಮೆಎಣ್ಣೆಯ ಜಾತಿಗೇ ಸೇರಿದ ಎಣ್ಣೆ, ಚೆನ್ನಾಗಿ ಶುದ್ಧ ಮಾಡಿದ್ದು. ಅದಕ್ಕೆ ಬಣ್ಣ ಹಾಕುವುದಿಲ್ಲ, ನೀರಿನಂತೆ ತಿಳಿ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೂ ಹಳೇ ಎಚ್‌ಎಎಲ್ ನಿಲ್ದಾಣಕ್ಕೆ ಬರುತ್ತಿರುವ ಖಾಸಗಿ ಜೆಟ್‌ಗಳಿಗೆ ಬೇಕಾದದ್ದು ಇದೇ. ಸೆಸ್ನಾದಂಥ ಪುಟ್ಟ ವಿಮಾನ ಕುಡಿಯುವುದು ಪೆಟ್ರೋಲು. ಅದಕ್ಕೆ ಮಾತ್ರ ನೀಲಿ ಬಣ್ಣ! ಇದರ ಹೆಸರು ಆವ್‌ಗ್ಯಾಸ್. ನಮ್ಮ ದೇಶಕ್ಕೆ ಇದು ಹೊರಗಿನಿಂದ ಬರುತ್ತಿತ್ತು. 2022ರಲ್ಲಿ ಇಂಡಿಯನ್ ಆಯಿಲ್‌ನವರು ಗುಜರಾತಿನ ವಡೋದರದ ರಿಫೈನರಿಯಲ್ಲಿ ತಯಾರಿಸಲು ಶುರುಮಾಡಿದರು. ಇದರಲ್ಲಿ ಇನ್ನೂ ಸ್ವಲ್ಪ ಸೀಸ ಇದೆ. ಕಾರಿನ ಪೆಟ್ರೋಲಿನಿಂದ ಸೀಸ ತೆಗೆದು ಇಪ್ಪತ್ತು ವರ್ಷದ ಮೇಲಾಯಿತು, ವಿಮಾನದವರು ಇನ್ನೂ ಬಿಡಲಾರದೆ ಒದ್ದಾಡುತ್ತಿದ್ದಾರೆ. ನನಗಂತೂ ಇದು ಒಪ್ಪಿಗೆಯಿಲ್ಲ.

ನೀಲಿ ಯಾಕೆ? ಅದಲು ಬದಲಾಗಬಾರದು ಅಂತ. ಪೆಟ್ರೋಲ್ ಎಂಜಿನ್ನಿಗೆ ತಪ್ಪಿ ಜೆಟ್ ಎಣ್ಣೆ ಹಾಕಿದರೆ, ಪೈಪಿನಲ್ಲಿ ಉಳಿದಿದ್ದ ಪೆಟ್ರೋಲಿನಿಂದ ವಿಮಾನ ಮೇಲೇನೋ ಏರೀತು, ಆಮೇಲೆ ಎಂಜಿನ್ ನಿಂತೀತು. ಕಾರಾದರೆ ರಸ್ತೆ ಬದಿಗೆ ತಳ್ಳಬಹುದು. ಮೇಲೆ ಬದಿ ಎಲ್ಲಿದೆ? ಜೆಟ್ ಎಣ್ಣೆಯ ಪೈಪಿನ ಮೂತಿಯನ್ನೂ ಬಾತುಕೋಳಿಯ ಕೊಕ್ಕಿನಂತೆ ಅಗಲ ಮಾಡಿರುತ್ತಾರೆ, ಪೆಟ್ರೋಲ್ ವಿಮಾನದ ಸಣ್ಣ ಬಾಯಿಗೆ ಅದು ಹಿಡಿಸಬಾರದು ಅಂತ.

ನೀಲಿಯಿಂದ ಇನ್ನೊಂದು ಉಪಕಾರ ಇದೆ. ಅರ್ಧ ಖಾಲಿ ಟ್ಯಾಂಕಿನೊಳಗೆ ರಾತ್ರಿಯ ತೇವದ ಗಾಳಿ ಸೇರಿ, ತಣ್ಣಗಾಗಿ, ಸೋಡಾ ಬಾಟಲಿಯ ಮೈಮೇಲೆ ಮೂಡುವಂತೆ ಹನಿಗಟ್ಟುತ್ತದೆ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಎಂಜಿನ್ನಿಗೆ ಎಣ್ಣೆ ಹೋಗುವುದೂ ತಳದಿಂದಲೇ! ಅದಕ್ಕೆ ಪೈಲಟ್ ಬೆಳಿಗ್ಗೆ ರೆಕ್ಕೆಯ ಅಡಿಯಿಂದ ಒಂದು ಗಾಜಿನಂಥ ಲೋಟಕ್ಕೆ ಸ್ವಲ್ಪ ಎಣ್ಣೆ ಬಸಿದು, ಆಕಾಶಕ್ಕೆ ಹಿಡಿದು ನೋಡುತ್ತಾನೆ. ಮೇಲೆ ನೀಲಿ, ಕೆಳಗೆ ಬಣ್ಣವಿಲ್ಲದ ಗುಳ್ಳೆ ಕಂಡರೆ ನೀರು ಅಂತ ಅರ್ಥ. ಬರೀ ನೀಲಿ ಬರುವ ತನಕ ಬಸಿಯುತ್ತಲೇ ಇರಬೇಕು. ಟ್ಯಾಂಕರಿನ ತಳದಿಂದಲೂ ಹೀಗೇ ಬಸಿದು ನೋಡುತ್ತಾರೆ. ಮನೆಯಲ್ಲಿ ಬಾಟಲಿಗೆ ಕಡಲೆಕಾಯಿ ಎಣ್ಣೆ, ನೀರು ಹಾಕಿ ಕುಲುಕಿ ನೋಡಿ, ಅಮ್ಮನನ್ನು ಕೇಳಿಕೊಂಡು.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಕಿಡಿಯದು. ಒಣ ಕೂದಲು ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲ? ಉಜ್ಜಾಟದಿಂದ ಹುಟ್ಟಿದ ವಿದ್ಯುತ್ತು ಅದು. ಎಣ್ಣೆ ಪೈಪಿನಲ್ಲಿ ರಭಸವಾಗಿ ಹರಿಯುವಾಗಲೂ ಹಾಗೇ ಆಗುತ್ತದೆ. ಟ್ಯಾಂಕರಿನಲ್ಲಿ ಒಂದಿಷ್ಟು, ವಿಮಾನದಲ್ಲಿ ಒಂದಿಷ್ಟು ವಿದ್ಯುತ್ ಸೇರಿ, ನಡುವೆ ಸಣ್ಣ ಕಿಡಿ ಹಾರಿದರೂ ಸಾಕು, ಪೆಟ್ರೋಲಿನ ಆವಿ ಹತ್ತಿಕೊಳ್ಳುತ್ತದೆ. ಹಾಗಾಗಿ ಪೈಪು ಮುಟ್ಟುವ ಮೊದಲು ಟ್ಯಾಂಕರಿಗೂ ವಿಮಾನಕ್ಕೂ ಒಂದು ತಂತಿ ಕಟ್ಟಿ ಕ್ಲಿಪ್ ಹಾಕುತ್ತಾರೆ. ಇಬ್ಬರ ಲೆಕ್ಕವೂ ಸಮ ಆಯಿತು, ಕಿಡಿಗೆ ಕೆಲಸವಿಲ್ಲ. ಮುಗಿದ ಮೇಲೆ ಮೊದಲು ಪೈಪು ತೆಗೆಯಬೇಕು, ತಂತಿ ಕೊನೆಗೆ.

ಆಟೋದಲ್ಲಿ ಮನೆಗೆ ಹೊರಟಾಗ ಅವಳಿಗೆ ಒಂದು ಆಟ ಕಲಿಸಿದೆ. ಎಣ್ಣೆ ಟ್ಯಾಂಕರಿನ ಹಿಂದೆ, ಪಕ್ಕದಲ್ಲಿ ಒಂದು ಫಲಕ ಇರುತ್ತದೆ, ಅದರಲ್ಲಿ ನಾಲ್ಕು ಅಂಕಿ. 1203 ಇದ್ದರೆ ಪೆಟ್ರೋಲು, 1202 ಇದ್ದರೆ ಡೀಸೆಲ್, 1863 ಇದ್ದರೆ ಜೆಟ್ ವಿಮಾನದ ಎಣ್ಣೆ. ಲೋಕದ ಯಾವ ಭಾಷೆಯವರು ಓದಿದರೂ ಅದೇ ಅರ್ಥ. ಪೆಟ್ರೋಲ್ ಫಲಕದಲ್ಲಿ 3 ಅಂತ ಶುರುವಾಗುವ ಇನ್ನೊಂದು ಗುರುತು ಕಾಣುತ್ತದೆ. ಬೆಂಕಿ ಬಿದ್ದರೆ ನೊರೆ ಸುರಿಯಿರಿ ಅಂತ ಫೈರ್ ಎಂಜಿನ್‌ನವರಿಗೆ ಹೇಳುವ ಗುಟ್ಟಿನ ಮಾತು ಅದು. ಪೆಟ್ರೋಲು ನೀರಿನ ಮೇಲೆ ತೇಲಿ ಉರಿಯುತ್ತದೆ, ನೊರೆ ಕಂಬಳಿಯಂತೆ ಮುಚ್ಚಿ ಗಾಳಿ ತಡೆಯುತ್ತದೆ.

ಹಲಸೂರು ತಲುಪುವಷ್ಟರಲ್ಲಿ ಎರಡು 1202 ಸಿಕ್ಕವು. ಸಿಗ್ನಲ್‌ನಲ್ಲಿ ಅವಳು ನನ್ನ ತೋಳು ಜಗ್ಗಿದಳು. ಮುಂದೆ ಬೆಳ್ಳಗಿನ ಟ್ಯಾಂಕರ್, ಹಿಂದೆ 1863. ಹಸಿರು ದೀಪ ಬಿತ್ತು. ಅದು ಆಮೆಯಂತೆ ಹೊರಟಿತು. ನಮ್ಮ ಆಟೋದವರು ಹಾರ್ನ್ ಮೇಲೆ ಹಾರ್ನ್ ಹೊಡೆದರು.

"ಅಂಕಲ್, ಸುಮ್ನಿರಿ," ಅಂದಳು ಅವಳು, "ಒಳಗೆ ತುಳುಕುತ್ತೆ."